ಲೀಡರ್ ಕಾರ್ಡ್ ಎಲ್ಲಿ ಕೂರಬೇಕು? ಕಮಾಂಡರ್, ಒನ್ ಪೀಸ್, ಫ್ಲೆಶ್ ಅಂಡ್ ಬ್ಲಡ್: ಆಡಿ ನೋಡಿ ಬರೆದ ಹೋಲಿಕೆ

ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಕೈಗೆ ಬರುವುದು ಅದೃಷ್ಟ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಲೀಡರ್ ಕಾರ್ಡ್ ಇರುವ ಆಟಗಳಲ್ಲಿ ಹಾಗಲ್ಲ. ಡೆಕ್ಕಿನ ಉಳಿದ ಎಲೆಗಳನ್ನೆಲ್ಲ ಕಲಸಿ ಬೋರಲು ಇಡುತ್ತೇವೆ, ಆದರೆ ಒಂದು ಎಲೆಯನ್ನು ಮಾತ್ರ ಆಟಕ್ಕೆ ಮೊದಲೇ ಎದುರಿನವರಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡುತ್ತೇವೆ. ಅದೇ ಲೀಡರ್. ಅದನ್ನು ಕಲಸುವುದಿಲ್ಲ, ಎಳೆಯುವುದೂ ಇಲ್ಲ. ನಮ್ಮ ಡೆಕ್ಕಿನಲ್ಲಿ ಯಾವ ಎಲೆ ಇರಬಹುದು, ಯಾವುದು ಇರಬಾರದು ಅನ್ನುವುದನ್ನೂ ಅದೇ ತೀರ್ಮಾನಿಸುತ್ತದೆ.

ನಾನು ಮತ್ತು ನನ್ನ ತಮ್ಮ ಶನಿವಾರ ಸಂಜೆ ಊಟದ ಮೇಜು ಒರೆಸಿ ಆಡಲು ಕೂರುತ್ತೇವೆ. ಅವನ ಆಫೀಸಿನ ಇಬ್ಬರು ಗೆಳೆಯರೂ ಆಗಾಗ ಬರುತ್ತಾರೆ. ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟದ ಕಮಾಂಡರ್ ಪದ್ಧತಿಯನ್ನು ಎಲ್ಲಕ್ಕಿಂತ ಜಾಸ್ತಿ ದಿನ ಆಡಿದ್ದೇವೆ. ಆಮೇಲೆ ಒನ್ ಪೀಸ್ ಕಾರ್ಡ್ ಗೇಮ್ ಬಂತು. ಫ್ಲೆಶ್ ಅಂಡ್ ಬ್ಲಡ್ ಕೊನೆಯದು. ಮೂರರಲ್ಲೂ ಲೀಡರ್ ಇದೆ, ಆದರೆ ಮೂರರಲ್ಲೂ ಲೀಡರ್‌ನ ಕೆಲಸ ಬೇರೆ. ಯಾವ ಲೀಡರ್‌ಗೆ ಎಷ್ಟು ಶಕ್ತಿ ಅಂತ ಎಲ್ಲರೂ ಕೇಳುತ್ತಾರೆ. ಇಷ್ಟು ದಿನ ಆಡಿದ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಪೆಟ್ಟು ಬೀಳುವಾಗ ಲೀಡರ್ ಎಲ್ಲಿರುತ್ತಾನೆ?

ಕಮಾಂಡರ್‌ನಿಂದ ಶುರು ಮಾಡುತ್ತೇನೆ. ಇದನ್ನು ಯಾವ ಕಂಪನಿಯೂ ಕೂತು ಯೋಚಿಸಿ ಮಾಡಿದ್ದಲ್ಲ. ಮ್ಯಾಜಿಕ್ ಬಂದದ್ದು 1993ರಲ್ಲಿ. ಆ ದಶಕದಲ್ಲೇ ಅಮೆರಿಕದ ಅಲಾಸ್ಕಾದಲ್ಲಿ ಕೆಲವು ಆಟಗಾರರು ತಮ್ಮ ಖುಷಿಗೆ ಒಂದು ಪದ್ಧತಿ ಮಾಡಿಕೊಂಡರು. 1994ರ ಲೆಜೆಂಡ್ಸ್ ಸೆಟ್ಟಿನಲ್ಲಿ ಬಂದ ಐದು ಎಲ್ಡರ್ ಡ್ರ್ಯಾಗನ್‌ಗಳಲ್ಲಿ ಒಂದನ್ನು ಮುಂದಾಳು ಮಾಡಿಕೊಂಡು ಆಡುವುದು. ಹಾಗಾಗಿ ಅದಕ್ಕೆ ಎಲ್ಡರ್ ಡ್ರ್ಯಾಗನ್ ಹೈಲ್ಯಾಂಡರ್ ಅಂತ ಹೆಸರಾಯಿತು. ಶೆಲ್ಡನ್ ಮೆನರಿ ಅನ್ನುವ ಟೂರ್ನಿ ಜಡ್ಜ್ ಅದನ್ನು ಹಚ್ಚಿಕೊಂಡು ಉಳಿದ ಜಡ್ಜ್‌ಗಳಿಗೆ ಹಬ್ಬಿಸಿದರು. ಮ್ಯಾಜಿಕ್ ತಯಾರಿಸುವ ಕಂಪನಿ ಕಮಾಂಡರ್ ಅನ್ನುವ ಹೆಸರಿನಲ್ಲಿ ರೆಡಿ ಡೆಕ್ ಹೊರತಂದದ್ದು 2011ರಲ್ಲಿ. ಇವತ್ತು ಮ್ಯಾಜಿಕ್ ಆಡುತ್ತೇವೆ ಅನ್ನುವ ಎಷ್ಟೋ ಜನ ಆಡುವುದು ಇದೊಂದನ್ನೇ.

ನಿಯಮ ಹೀಗಿದೆ. ಕಮಾಂಡರ್ ಸೇರಿಸಿ ಒಟ್ಟು 100 ಎಲೆ. ಬೇಸಿಕ್ ಲ್ಯಾಂಡ್, ಅಂದರೆ ಮಾನಾ (ಈ ಆಟದ ದುಡ್ಡು) ಕೊಡುವ ಮಾಮೂಲಿ ಎಲೆ, ಬಿಟ್ಟರೆ ಯಾವ ಎಲೆಯೂ ಎರಡು ಸಲ ಇರುವಂತಿಲ್ಲ. ಕಮಾಂಡರ್ ಕಾರ್ಡಿನ ಮೇಲೆ ಯಾವ ಬಣ್ಣದ ಗುರುತುಗಳಿವೆಯೋ ಆ ಬಣ್ಣದ ಎಲೆ ಮತ್ತು ಬಣ್ಣವೇ ಇಲ್ಲದ ಎಲೆಗಳನ್ನು ಮಾತ್ರ ಹಾಕಬಹುದು. ಕೆಳಗೆ ಬರೆದ ವಿವರಣೆಯಲ್ಲಿ ಒಂದು ಬಣ್ಣದ ಗುರುತು ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ನಾಲ್ಕು ಜನ ಕೂರುತ್ತಾರೆ. ಒಬ್ಬೊಬ್ಬರಿಗೂ 40 ಲೈಫ್. ಲೀಡರ್ ಕಮಾಂಡ್ ಜೋನ್ ಅನ್ನುವ ಜಾಗದಲ್ಲಿ ಪಕ್ಕಕ್ಕೆ ಇರುತ್ತಾನೆ. ಮಾನಾ ಕೊಟ್ಟು ಅವನನ್ನು ಕರೆಯಬೇಕು. ಸತ್ತರೆ ಅದೇ ಜಾಗಕ್ಕೆ ವಾಪಸ್ ಇಟ್ಟುಕೊಳ್ಳಬಹುದು. ಆದರೆ ಮತ್ತೆ ಕರೆಯುವಾಗ ಪ್ರತಿ ಸಲ 2 ಮಾನಾ ಜಾಸ್ತಿ ಕೊಡಬೇಕು. ಇದಕ್ಕೆ ಕಮಾಂಡರ್ ಟ್ಯಾಕ್ಸ್ ಅನ್ನುತ್ತಾರೆ. ನಮ್ಮ ಮೇಜಿನಲ್ಲಿ ಇದು 'ತೆರಿಗೆ'.

ಈ ತೆರಿಗೆಯ ಬಿಸಿ ಏನು ಅಂತ ತಮ್ಮನ ಕ್ರೆಂಕೋ ಡೆಕ್ಕಿನಲ್ಲಿ ನೋಡಿದೆ. ಕ್ರೆಂಕೋ, ಮಾಬ್ ಬಾಸ್ ಅನ್ನುವುದು ಕೆಂಪು ಬಣ್ಣದ ಗಾಬ್ಲಿನ್, ಕುಳ್ಳ ರಾಕ್ಷಸ. ಬೆಲೆ 4 ಮಾನಾ. ಅವನನ್ನು ಅಡ್ಡ ತಿರುಗಿಸಿದರೆ, ಅಂದರೆ ಆ ಸುತ್ತಿನಲ್ಲಿ ಕೆಲಸಕ್ಕೆ ಹಚ್ಚಿದರೆ, ನಮ್ಮ ಹತ್ತಿರ ಎಷ್ಟು ಗಾಬ್ಲಿನ್ ಇವೆಯೋ ಅಷ್ಟೇ ಹೊಸ ಗಾಬ್ಲಿನ್ ಹುಟ್ಟುತ್ತವೆ. ಒಂದು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಆದರೆ ಬಂದ ಸುತ್ತಿನಲ್ಲೇ ಅವನನ್ನು ತಿರುಗಿಸುವಂತಿಲ್ಲ, ತಮ್ಮನ ಮುಂದಿನ ಸರದಿವರೆಗೆ ಕಾಯಬೇಕು. ನಡುವೆ ಮೂರು ಜನರ ಸರದಿ ಇದೆ. ಒಂದು ಸಂಜೆ ಅವನು ನಾಲ್ಕನೇ ಸುತ್ತಿನಲ್ಲಿ ಕ್ರೆಂಕೋನನ್ನು ಇಟ್ಟ. ನನ್ನ ಕೈಯಲ್ಲಿ ಸ್ವೋರ್ಡ್ಸ್ ಟು ಪ್ಲೌಶೇರ್ಸ್ ಇತ್ತು, ಎದುರಿನ ಜೀವಿಯೊಂದನ್ನು ಆಟದಿಂದ ಹೊರಹಾಕುವ ಎಲೆ. ಒಂದೇ ಒಂದು ಬಿಳಿ ಮಾನಾ ಕೊಟ್ಟೆ, ಕ್ರೆಂಕೋ ಹೋದ. ಅವನ ಬಲ 3, ಅದಕ್ಕೆ ಬದಲಾಗಿ ತಮ್ಮನ ಲೈಫ್ 40ರಿಂದ 43 ಆಯಿತು. ಅದು ಅವನಿಗೆ ಯಾವ ಸಮಾಧಾನವೂ ಕೊಡಲಿಲ್ಲ. ಮತ್ತೆ 6 ಮಾನಾ ಕೂಡಿಸಿ ಕರೆದ. ಈ ಸಲ ಪಕ್ಕದಲ್ಲಿ ಕೂತ ಗೆಳೆಯ ಕೊಂದ. ಮುಂದಿನ ಬೆಲೆ 8.

"ಅಕ್ಕಾ, ಒಂದ್ಸಲನಾದ್ರೂ ಅವನನ್ನ ತಿರುಗಿಸೋಕೆ ಬಿಡಿ" ಅಂದ. ಬಿಡುವ ಹಾಗಿರಲಿಲ್ಲ. ಬಿಟ್ಟರೆ ಮೂರೇ ಸುತ್ತಿನಲ್ಲಿ ಮೇಜು ತುಂಬಾ ಗಾಬ್ಲಿನ್.

ಮುಂದಿನ ವಾರ ಅವನು ಡೆಕ್ಕಿನಲ್ಲಿ ಲೈಟ್ನಿಂಗ್ ಗ್ರೀವ್ಸ್ ಸೇರಿಸಿಕೊಂಡು ಬಂದ. ಅದು 2 ಮಾನಾದ ಕಾಲುಕವಚ. ತೊಡಿಸಲು ಏನೂ ಖರ್ಚಿಲ್ಲ. ತೊಟ್ಟವನು ಬಂದ ಸುತ್ತಿನಲ್ಲೇ ಕೆಲಸ ಶುರು ಮಾಡಬಹುದು, ಅವನಿಗೆ ಯಾರೂ ಗುರಿ ಇಡುವಂತಿಲ್ಲ. ಮೊದಲು ಕವಚ ಇಟ್ಟ, ಆಮೇಲೆ ಕ್ರೆಂಕೋನನ್ನು ಕರೆದು ತೊಡಿಸಿ ಆಗಲೇ ತಿರುಗಿಸಿದ. ಆ ಸುತ್ತಿನ ಕೊನೆಗೆ 2 ಗಾಬ್ಲಿನ್, ಮುಂದಿನದಕ್ಕೆ 4, ಆಮೇಲೆ 8, ಆಮೇಲೆ 16. ಆಟ ಮುಗಿಯಿತು.

ಎರಡು ವಾರದಲ್ಲೂ ಲೀಡರ್ ಒಬ್ಬನೇ, ಅವನ ಶಕ್ತಿಯೂ ಅಷ್ಟೇ. ಕಮಾಂಡರ್‌ನಲ್ಲಿ ಡೆಕ್ಕಿನ ಅರ್ಧ ಬುದ್ಧಿ ಲೀಡರ್‌ನನ್ನು ಮೇಜಿನ ಮೇಲೆ ಉಳಿಸಿಕೊಳ್ಳುವುದಕ್ಕೇ ಹೋಗುತ್ತದೆ. ಅವನು ಇಲ್ಲದ ಸುತ್ತುಗಳೇ ಜಾಸ್ತಿ. ಸತ್ತರೂ ಆಟ ಸೋಲುವುದಿಲ್ಲ. ಅವನಿಂದ ಬರುವ ಅಪಾಯ ಮಾತ್ರ ದೊಡ್ಡದು. ಒಬ್ಬ ಕಮಾಂಡರ್ ಒಬ್ಬ ಆಟಗಾರನಿಗೆ ಹೊಡೆದ ಪೆಟ್ಟು ಒಟ್ಟು 21 ಆದರೆ ಸಾಕು, 40 ಲೈಫ್ ಮುಟ್ಟದೆ ಹಾಗೇ ಇದ್ದರೂ ಆ ಆಟಗಾರ ಔಟ್. ಮೊದಲಿನ ಆ ಡ್ರ್ಯಾಗನ್‌ಗಳ ಬಲ 7. ಮೂರು ಏಟಿಗೆ ಸರಿಯಾಗಿ 21.

ಕಮಾಂಡರ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಮೇಜಿನ ಮಾತುಕತೆ. ನಾಲ್ಕು ಲೀಡರ್ ಎದುರಿಗೇ ಇರುವುದರಿಂದ ಮೊದಲ ಎಲೆ ಎಳೆಯುವ ಮೊದಲೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಇವನನ್ನು ಮೊದಲು ಮುಗಿಸೋಣ, ಅವಳನ್ನು ಸ್ವಲ್ಪ ಬಿಡೋಣ. ಕಷ್ಟವೂ ಅಲ್ಲೇ ಇದೆ. ಹೆದರಿಸುವ ಲೀಡರ್ ಇಟ್ಟುಕೊಂಡವರಿಗೆ ಕೈಯಲ್ಲಿ ಏನೂ ಇಲ್ಲದಿದ್ದರೂ ಮೂರು ಜನ ಸೇರಿ ಹೊಡೆಯುತ್ತಾರೆ. ಒಂದು ಆಟಕ್ಕೆ ನಮ್ಮಲ್ಲಿ ಎರಡು ಗಂಟೆ ಹಿಡಿದದ್ದೂ ಇದೆ. ಮೊದಲೇ ಔಟ್ ಆದವರು ಅಷ್ಟು ಹೊತ್ತು ಸುಮ್ನೆ ಕೂರಬೇಕು. ಇದು ನನಗೆ ನಿಜವಾಗಿ ಬೇಸರ ತರಿಸುತ್ತದೆ.

ಈಗ ಒನ್ ಪೀಸ್. ಬಂಡೈ ಕಂಪನಿ ಇದನ್ನು 2022ರ ಜುಲೈನಲ್ಲಿ ಜಪಾನಿನಲ್ಲಿ ತಂದಿತು, ಇಂಗ್ಲಿಷ್ ಎಲೆಗಳು ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದವು. ಅದೇ ಹೆಸರಿನ ಜಪಾನಿ ಕಾಮಿಕ್ಸ್‌ನ ಕಡಲ್ಗಳ್ಳರ ಜಗತ್ತು. ಒಬ್ಬ ಲೀಡರ್, 50 ಎಲೆಯ ಡೆಕ್, 10 ಡಾನ್ ಕಾರ್ಡ್. ಡಾನ್ ಅಂದರೆ ಈ ಆಟದ ದುಡ್ಡು, ಆದರೆ ಬೇರೆ ಡೆಕ್ಕಿನಲ್ಲಿ ಇರುತ್ತದೆ. ಮೊದಲು ಆಡುವವರಿಗೆ ಮೊದಲ ಸುತ್ತಿನಲ್ಲಿ 1, ಆಮೇಲೆ ಎಲ್ಲರಿಗೂ ಸುತ್ತಿಗೆ 2. ದುಡ್ಡು ಬರಲಿಲ್ಲ ಅಂತ ಪೇಚಾಡುವ ಪ್ರಶ್ನೆಯೇ ಇಲ್ಲ. ಮ್ಯಾಜಿಕ್‌ನಲ್ಲಿ ಲ್ಯಾಂಡ್ ಬಾರದೆ ಎಷ್ಟು ಸಂಜೆ ಹಾಳಾಗಿದೆ ಅಂತ ಆಡಿದವರಿಗೆ ಗೊತ್ತು, ಅಲ್ವಾ?

ಇಲ್ಲಿ ಲೀಡರ್‌ನನ್ನು ಕರೆಯಬೇಕಾಗಿಲ್ಲ. ಮೊದಲ ಗಳಿಗೆಯಿಂದ ಮೈದಾನದಲ್ಲೇ ನಿಂತಿರುತ್ತಾನೆ. ಸಾಮಾನ್ಯವಾಗಿ ಬಲ 5000. ಒಂದೇ ಬಣ್ಣದ ಲೀಡರ್ ಆದರೆ ಹೆಚ್ಚಾಗಿ 5 ಲೈಫ್, ಎರಡು ಬಣ್ಣದವನಾದರೆ 4. ಎರಡು ಬಣ್ಣದ ಎಲೆ ಹಾಕಿಕೊಳ್ಳುವ ಅನುಕೂಲಕ್ಕೆ ಒಂದು ಲೈಫ್ ಬೆಲೆ ತೆರುತ್ತೀರಿ ಅಂತ ಅರ್ಥ. ಉಳಿದ ಪಾತ್ರಗಳು ಅಡ್ಡ ತಿರುಗಿದ್ದಾಗ ಮಾತ್ರ ಅವುಗಳ ಮೇಲೆ ದಾಳಿ ಮಾಡಬಹುದು. ಲೀಡರ್ ನೆಟ್ಟಗಿದ್ದರೂ ಅಡ್ಡ ಇದ್ದರೂ ಪೆಟ್ಟಿಗೆ ಸಿಗುತ್ತಾನೆ. ಅವನೂ ಹೊಡೆಯುತ್ತಾನೆ. ಒಂದು ಡಾನ್ ಅಂಟಿಸಿದರೆ ನಮ್ಮ ಸರದಿಯಲ್ಲಿ 1000 ಬಲ ಜಾಸ್ತಿ.

ಲೈಫ್ ಅಂದರೆ ಇಲ್ಲಿ ಸಂಖ್ಯೆ ಅಲ್ಲ, ಎಲೆ. ಆಟದ ಶುರುವಿನಲ್ಲಿ ಡೆಕ್ಕಿನ ಮೇಲಿನಿಂದ ಐದು ಎಲೆ ತೆಗೆದು ನೋಡದೆ ಬೋರಲು ಇಡುತ್ತೇವೆ. ಲೀಡರ್‌ಗೆ ಪೆಟ್ಟು ಬಿದ್ದಾಗ ಅದರಲ್ಲಿ ಮೇಲಿನದು ನಮ್ಮ ಕೈಗೆ ಬರುತ್ತದೆ. ಹೊಡೆಸಿಕೊಂಡಷ್ಟೂ ಕೈ ತುಂಬುತ್ತದೆ! ಕೆಲವು ಎಲೆಗಳಲ್ಲಿ ಟ್ರಿಗರ್ ಅಂತ ಬರೆದಿರುತ್ತದೆ. ಅಂಥದ್ದು ಬಂದರೆ ಕೈಗೆ ತೆಗೆದುಕೊಳ್ಳದೆ ಆಗಲೇ ತೋರಿಸಿ ಬಿಟ್ಟಿಯಾಗಿ ಉಪಯೋಗಿಸಬಹುದು. ಲೈಫ್ ಎಲ್ಲ ಖಾಲಿಯಾದ ಮೇಲೆ ಇನ್ನೊಂದು ಪೆಟ್ಟು ಬಿದ್ದರೆ ಸೋಲು.

ನನ್ನ ಲೀಡರ್ ಮೊದಲ ಸ್ಟಾರ್ಟರ್ ಡೆಕ್ಕಿನ ಕೆಂಪು ಲೂಫಿ. ಸುತ್ತಿಗೆ ಒಂದು ಸಲ, ಖರ್ಚಾಗಿ ಅಡ್ಡ ಬಿದ್ದ ಒಂದು ಡಾನ್ ಎತ್ತಿ ತನಗೋ ಇನ್ನೊಬ್ಬನಿಗೋ ಅಂಟಿಸುತ್ತಾನೆ. ತಮ್ಮನದು ಕೆಂಪು ಜೋರೋ. ಜೋರೋಗೆ ಒಂದು ಡಾನ್ ಅಂಟಿಸಿದರೆ ತಮ್ಮನ ಸರದಿಯಲ್ಲಿ ಅವನ ಪಾತ್ರಗಳಿಗೆಲ್ಲ 1000 ಬಲ ಜಾಸ್ತಿ.

ಒಂದು ಸರದಿಯನ್ನು ಪೂರ್ತಿ ಹೇಳುತ್ತೇನೆ, ಅದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನನಗೆ 3 ಲೈಫ್ ಉಳಿದಿತ್ತು, ಒಂದು ಡಾನ್ ಖರ್ಚು ಮಾಡದೆ ಇಟ್ಟುಕೊಂಡಿದ್ದೆ. ಕೈಯಲ್ಲಿ 2000 ಕೌಂಟರ್ ಇರುವ ಒಂದು ಎಲೆ, ಅಂದರೆ ಪೆಟ್ಟು ಬಂದಾಗ ಎಸೆದರೆ ಆ ಏಟಿನ ಮಟ್ಟಿಗೆ 2000 ಬಲ ಸೇರಿಸುವಂಥದ್ದು. ತಮ್ಮ ಮೊದಲು ಜೋರೋನಿಂದ ಹೊಡೆದ: 5000ಕ್ಕೆ ಒಂದು ಡಾನ್ ಸೇರಿ 6000. ತಡೆಯಬೇಕಾದರೆ ನನ್ನ 5000ಕ್ಕೆ 2000 ಸೇರಿಸಬೇಕು, ಯಾಕೆಂದರೆ ಸಮ ಆದರೆ ಹೊಡೆದವರೇ ಗೆದ್ದಂತೆ. ತಡೆಯಲಿಲ್ಲ. ಲೈಫ್ 2ಕ್ಕೆ ಇಳಿಯಿತು. ಎತ್ತಿದ ಎಲೆ ನೋಡಿದೆ, ರ‍್ಯಾಡಿಕಲ್ ಬೀಮ್.

ಈಗ ಎರಡು ದಾರಿ. ಟ್ರಿಗರ್ ಅಂತ ತೋರಿಸಿದರೆ ಆ ಸರದಿ ಮುಗಿಯುವವರೆಗೆ ಲೂಫಿಗೆ 1000 ಜಾಸ್ತಿ, ಬಿಟ್ಟಿ. ಕೈಯಲ್ಲಿ ಇಟ್ಟುಕೊಂಡರೆ ಒಂದು ಡಾನ್ ಕೊಟ್ಟು ಒಂದು ಏಟಿಗೆ 2000 ಸೇರಿಸಬಹುದು. ಲೈಫ್ 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇನ್ನೂ 2000. ತಮ್ಮನ ಹತ್ತಿರ ಇನ್ನೆರಡು ಪಾತ್ರಗಳು ನೆಟ್ಟಗೆ ನಿಂತಿದ್ದವು. ಜೋರೋನ ದೆಸೆಯಿಂದ ಒಂದೊಂದೂ 6000. ನನ್ನ ಲೂಫಿ 6000 ಆದರೂ ಸಮ ಆಗುತ್ತದೆ, ಏನೂ ಪ್ರಯೋಜನವಿಲ್ಲ. ಏನೂ ತೋರಿಸದೆ ಎಲೆಯನ್ನು ಕೈಗೆ ಸೇರಿಸಿಕೊಂಡೆ. ಅವನು ಎರಡನೆಯವನಿಗೆ ಎರಡು ಡಾನ್ ಅಂಟಿಸಿ 8000 ಮಾಡಿ ಹೊಡೆದ. ನಾನು ಬೀಮ್ ಇಟ್ಟೆ: 5000, 4000, ಒಟ್ಟು 9000. ನಿಂತಿತು. ಮೂರನೆಯವನ 6000ಕ್ಕೆ ಆ 2000 ಕೌಂಟರ್ ಎಲೆ ಎಸೆದೆ. ಅದೂ ನಿಂತಿತು. ಅವನ ಡಾನ್ ಎಲ್ಲ ಖಾಲಿ, ಅವನ ಪಾತ್ರಗಳೆಲ್ಲ ಅಡ್ಡ ಬಿದ್ದಿದ್ದವು. ನನ್ನ ಸರದಿ ಬಂತು.

ಅವನು ಕೊಟ್ಟ ಪೆಟ್ಟಿನಿಂದಲೇ ನನಗೆ ಆ ಎಲೆ ಸಿಕ್ಕಿತು. ಜೋರೋ ಹೊಡೆಯದಿದ್ದರೆ ಬೀಮ್ ಬೋರಲು ಬಿದ್ದೇ ಇರುತ್ತಿತ್ತು, ಲೈಫ್ 3 ಇದ್ದಿದ್ದರೆ ಅದಕ್ಕೆ ಪೂರ್ತಿ ಬಲವೂ ಬರುತ್ತಿರಲಿಲ್ಲ. ಸೋಲುತ್ತಿರುವವರಿಗೆ ಕರುಣೆ ತೋರಿಸುವ ನಿಯಮ ಬೇರೆ ಆಟಗಳಲ್ಲೂ ಇದೆ. ಇಲ್ಲಿ ಅದನ್ನು ಲೀಡರ್‌ನ ಮೈಯಲ್ಲೇ ಇಟ್ಟಿದ್ದಾರೆ. ಯಾವ ಪೆಟ್ಟು ತಿನ್ನಬೇಕು, ಯಾವುದನ್ನು ತಡೆಯಬೇಕು ಅಂತ ಪ್ರತಿ ದಾಳಿಗೂ ಯೋಚಿಸಬೇಕು. ಹೊಡೆಯುವವರೂ ಯೋಚಿಸಬೇಕು. ಸುಮ್ಮನೆ ಹೊಡೆದರೆ ಎದುರಿನವರ ಕೈ ತುಂಬಿಸಿದ ಹಾಗೆ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಕೆಲವು ಲೀಡರ್‌ಗಳು ಈ ಲೈಫ್ ನಿಯಮವನ್ನೇ ಹಿಡಿದು ತಿರುಚುತ್ತಾರೆ. ಎಡ್ವರ್ಡ್ ನ್ಯೂಗೇಟ್‌ನ ಬಲ 6000, ಲೈಫ್ 6. ಓದಿದರೆ ಅನ್ಯಾಯ ಅನ್ನಿಸುತ್ತದೆ. ಆದರೆ ತನ್ನ ಪ್ರತಿ ಸರದಿಯ ಕೊನೆಗೆ ಒಂದು ಲೈಫ್ ಎಲೆಯನ್ನು ತಾನೇ ಕೈಗೆ ತೆಗೆದುಕೊಳ್ಳಲೇಬೇಕು. ಯಾರೂ ಮುಟ್ಟದಿದ್ದರೂ ಕರಗುತ್ತಾ ಹೋಗುತ್ತಾನೆ. ವಯಸ್ಸಾದ, ಕಾಯಿಲೆ ಬಿದ್ದ ಮಹಾಯೋಧನ ಪಾತ್ರಕ್ಕೆ ಇದಕ್ಕಿಂತ ಒಪ್ಪುವ ನಿಯಮ ಬರೆಯಲು ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಹಳದಿ ಬಣ್ಣದ ಎನೆಲ್‌ಗೆ ಎದುರಾಳಿಯ ಸರದಿಯಲ್ಲಿ ಲೈಫ್ ಸೊನ್ನೆ ಆದರೆ ಡೆಕ್ಕಿನಿಂದ ಒಂದು ಎಲೆ ಮತ್ತೆ ಲೈಫ್ ಆಗಿ ಬರುತ್ತದೆ, ಕೈಯಿಂದ ಒಂದು ಎಸೆಯಬೇಕು. ಮುಗಿಸಿದೆ ಅಂದುಕೊಂಡವನು ಎದ್ದು ನಿಂತಿರುತ್ತಾನೆ. ನೀಲಿ ನಾಮಿಯದು ಇನ್ನೂ ವಿಚಿತ್ರ. ಡೆಕ್ ಖಾಲಿಯಾದರೆ ಎಲ್ಲರೂ ಸೋಲುತ್ತಾರೆ, ಅವಳು ಗೆಲ್ಲುತ್ತಾಳೆ.

ಒನ್ ಪೀಸ್‌ನಲ್ಲಿ ನನಗೆ ಹಿಡಿಸದ್ದೂ ಇದೆ. ಹೊಸ ಸೆಟ್ ಬಂದಾಗೆಲ್ಲ ಹೊಸ ಲೀಡರ್‌ಗಳು ಬರುತ್ತಾರೆ. ಬಣ್ಣ ಒಂದೇ ಆದರೂ ಲೀಡರ್ ಬದಲಾದರೆ ಡೆಕ್ಕಿನ ಅರ್ಧ ಎಲೆ ಕೆಲಸಕ್ಕೆ ಬರುವುದಿಲ್ಲ, ಮತ್ತೆ ಖರ್ಚು. ಒಂದೇ ಎಲೆ ನಾಲ್ಕು ಹಾಕಬಹುದಾದ್ದರಿಂದ ನಾಲ್ಕೂ ಬೇಕೇ ಬೇಕು ಅನ್ನಿಸುತ್ತದೆ. ಕಮಾಂಡರ್‌ನಲ್ಲಿ ಒಂದೊಂದೇ ಸಾಕು. ಹಳೆ ಡಬ್ಬಿಯಲ್ಲಿ ಬಿದ್ದಿದ್ದ ಒಂಟಿ ಎಲೆಗೂ ಅಲ್ಲಿ ಜಾಗ ಇದೆ.

ಫ್ಲೆಶ್ ಅಂಡ್ ಬ್ಲಡ್ ಬಗ್ಗೆ ಕಡಿಮೆ ಹೇಳುತ್ತೇನೆ, ಕಡಿಮೆ ಆಡಿದ್ದೇನೆ. ಇದು ನ್ಯೂಜಿಲೆಂಡಿನ ಲೆಜೆಂಡ್ ಸ್ಟೋರಿ ಸ್ಟುಡಿಯೋಸ್ 2019ರಲ್ಲಿ ತಂದ ಆಟ. ಇಲ್ಲಿ ಲೀಡರ್‌ಗೆ ಹೀರೋ ಅನ್ನುತ್ತಾರೆ. ಸೈನ್ಯ ಕಟ್ಟುವ ಮಾತೇ ಕಡಿಮೆ, ಇಬ್ಬರು ಎದುರು ಬದುರು ನಿಂತು ಹೊಡೆದಾಡುತ್ತಾರೆ ಅಷ್ಟೇ. ನಾನು ಆಡಿದ್ದು ಬ್ರಾವೋ, ಮೈತುಂಬಾ ಕವಚ ತೊಟ್ಟು ದೊಡ್ಡ ಸುತ್ತಿಗೆ ಹಿಡಿದ ಗಾರ್ಡಿಯನ್. ಹೀರೋ ಕಾರ್ಡಿನ ಮೇಲೆ ಎರಡು ಸಂಖ್ಯೆ: ಲೈಫ್ 40, ಇಂಟೆಲೆಕ್ಟ್ 4. ಸರದಿಯ ಕೊನೆಗೆ ಕೈಯಲ್ಲಿ ನಾಲ್ಕು ಎಲೆ ತುಂಬಿಕೊಳ್ಳಬೇಕು ಅನ್ನುವುದು ಆ ಎರಡನೇ ಸಂಖ್ಯೆ. ಚಿಕ್ಕ ಪದ್ಧತಿಯಾದ ಬ್ಲಿಟ್ಜ್‌ನಲ್ಲಿ ಲೈಫ್ ಅರ್ಧಕ್ಕೆ ಇಳಿಯುತ್ತದೆ.

ಆ ನಾಲ್ಕು ಎಲೆಯಲ್ಲೇ ಎಲ್ಲ ಆಗಬೇಕು. ಒಂದು ಎಲೆಯಿಂದ ಹೊಡೆಯಬಹುದು, ತಡೆಯಬಹುದು, ಇಲ್ಲವೇ ಅದನ್ನೇ ದುಡ್ಡಾಗಿ ಕೊಡಬಹುದು. ಕೆಂಪು ಎಲೆ ಕೊಟ್ಟರೆ 1, ಹಳದಿ 2, ನೀಲಿ 3. 7ರ ಏಟು ಬಂದಾಗ ತಲಾ 3 ತಡೆಯುವ ಎರಡು ಎಲೆ ಇಟ್ಟರೆ 1 ಮಾತ್ರ ಮೈಗೆ ಬೀಳುತ್ತದೆ. ಆದರೆ ಉಳಿದ ಎರಡು ಎಲೆಯಲ್ಲಿ ಬ್ರಾವೋನ ದೊಡ್ಡ ಏಟು ಹೊಡೆಯಲು ಆಗುತ್ತದಾ? ಬ್ರಾವೋ 2 ಖರ್ಚು ಮಾಡಿದರೆ ಆ ಸರದಿಯಲ್ಲಿ ಅವನ ದುಬಾರಿ ಏಟುಗಳನ್ನು ಎದುರಾಳಿ ಕೈಯ ಒಂದಕ್ಕಿಂತ ಜಾಸ್ತಿ ಎಲೆಯಿಂದ ತಡೆಯುವಂತಿಲ್ಲ. ಆ 2 ಬೇಕೆಂದರೆ ಈಗ ಪೆಟ್ಟು ತಿನ್ನಬೇಕು. ಲೀಡರ್ ಇಲ್ಲಿ ಮೇಜಿನ ಮೇಲಿನ ಇನ್ನೊಬ್ಬ ವ್ಯಕ್ತಿ ಅಲ್ಲ, ನಾನೇ ಆಗಿಬಿಡುತ್ತೇನೆ. ಅವನ ಕವಚ ಹರಿದರೆ ನನ್ನದೇ ಹರಿದ ಹಾಗೆ.

ಈ ಆಟದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಯಾವುದಾದರೂ ಹೀರೋ ದೊಡ್ಡ ಟೂರ್ನಿಗಳಲ್ಲಿ ಗೆದ್ದು ನಿಗದಿತ ಅಂಕ ತಲುಪಿದರೆ ಅವನಿಗೆ ಲಿವಿಂಗ್ ಲೆಜೆಂಡ್ ಪಟ್ಟ ಕಟ್ಟಿ ಮುಖ್ಯ ಪದ್ಧತಿಯಿಂದ ನಿವೃತ್ತಿ ಕೊಡುತ್ತಾರೆ. ಒಬ್ಬನೇ ಲೀಡರ್ ವರ್ಷಗಟ್ಟಲೆ ಎಲ್ಲ ಮೇಜಿನ ಮೇಲೂ ಕೂರುವ ತೊಂದರೆಗೆ ಇದು ಮರ್ಯಾದೆಯ ಪರಿಹಾರ. ಕಮಾಂಡರ್‌ನಲ್ಲಿ ನಿಷೇಧ ಬಂದಾಗ ಆಗುವ ಜಗಳ ನೆನೆದರೆ ಇದರ ಬೆಲೆ ತಿಳಿಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಮಾನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಮುಂತಾದ ದುಬಾರಿ ಎಲೆಗಳನ್ನು ನಿಷೇಧಿಸಿದಾಗ ಎದ್ದ ಗಲಾಟೆ ಎಷ್ಟಿತ್ತೆಂದರೆ, ಅಲ್ಲಿವರೆಗೆ ನಿಯಮ ನೋಡಿಕೊಳ್ಳುತ್ತಿದ್ದ ಸಮಿತಿ ಜವಾಬ್ದಾರಿಯನ್ನೇ ಕಂಪನಿಗೆ ಒಪ್ಪಿಸಿತು.

ತಮ್ಮನ ಗೆಳೆಯ ಒಮ್ಮೆ ಸ್ಟಾರ್ ವಾರ್ಸ್ ಅನ್‌ಲಿಮಿಟೆಡ್ ತಂದಿದ್ದ. 2024ರ ಆಟ. ಅಲ್ಲಿ ಲೀಡರ್ ಮೊದಲು ಪಕ್ಕದಲ್ಲಿ ಕೂತು ಚಿಕ್ಕ ಕೆಲಸ ಮಾಡುತ್ತಾನೆ. ಸಾಕಷ್ಟು ಸಂಪನ್ಮೂಲ ಕೂಡಿದಾಗ ಎಲೆ ತಿರುವಿ ಕಣಕ್ಕೆ ಇಳಿಸಬಹುದು, ಇಡೀ ಆಟಕ್ಕೆ ಒಂದೇ ಸಲ. ಸೋತರೆ ಪಕ್ಕಕ್ಕೆ ವಾಪಸ್. ಆ ಒಂದು ಸಲ ಯಾವಾಗ ಅನ್ನುವ ಯೋಚನೆ ಚೆನ್ನಾಗಿದೆ. ಕಮಾಂಡರ್ ಮತ್ತು ಒನ್ ಪೀಸ್ ಎರಡರ ನಡುವಿನ ದಾರಿ.

ಹೊಸಬರಿಗೆ ಯಾವುದು ಅಂತ ಕೇಳಿದರೆ ಯೋಚಿಸದೆ ಒನ್ ಪೀಸ್ ಅನ್ನುತ್ತೇನೆ. ನಮ್ಮ ಚಿಕ್ಕಪ್ಪನ ಮಗಳು ಹೈಸ್ಕೂಲಿನಲ್ಲಿದ್ದಾಳೆ, ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಐದು ಲೈಫ್ ಎಲೆ ಕಣ್ಣೆದುರಿಗೇ ಇರುತ್ತವೆ, ಎಷ್ಟು ಉಳಿದಿದೆ ಅಂತ ಬರೆದಿಡಬೇಕಾಗಿಲ್ಲ. ಕಮಾಂಡರ್ ಕಲಿಸುವಾಗ ಅವಳು 40 ಲೈಫ್, ಮೂರು ಎದುರಾಳಿಗಳ 21ರ ಲೆಕ್ಕ, ತೆರಿಗೆ ಎಲ್ಲ ಕೇಳಿ ಪೆನ್ನು ಹುಡುಕಿದಳು. ನಾಲ್ಕು ಜನ ಕೂತು ಹರಟುತ್ತಾ ಆಡಬೇಕು ಅನ್ನುವವರಿಗೆ ಕಮಾಂಡರ್ ಬಿಟ್ಟು ಬೇರೆ ಹೇಳುವುದಿಲ್ಲ. ಇಬ್ಬರೇ ಇದ್ದೀರಿ, ಇಬ್ಬರೂ ಒಂದು ತಪ್ಪಿಗೂ ಲೆಕ್ಕ ಇಡುವವರು ಅಂತಾದರೆ ಫ್ಲೆಶ್ ಅಂಡ್ ಬ್ಲಡ್. ನನಗಂತೂ ಲೀಡರ್ ಮುಂದೆ ನಿಂತು ಪೆಟ್ಟು ತಿನ್ನುವ ಆಟವೇ ಬೇಕು.

ತಮ್ಮ ಇದನ್ನು ಒಪ್ಪುವುದಿಲ್ಲ. ಕಷ್ಟಪಟ್ಟು ಕರೆದ ಮೇಲೆ ಬರುವ ಲೀಡರ್‌ನ ಗತ್ತೇ ಬೇರೆ ಅನ್ನುತ್ತಾನೆ. ಈ ಶನಿವಾರಕ್ಕೆ ಅವನ ಕ್ರೆಂಕೋಗೆ ಹೊಸ ಸ್ಲೀವ್ (ಎಲೆಯ ಹೊದಿಕೆ) ಬಂದಿದೆ. ನಾನು ನ್ಯೂಗೇಟ್ ಡೆಕ್ ಕಟ್ಟುತ್ತಿದ್ದೇನೆ. 50ರಲ್ಲಿ 43 ಎಲೆ ಆಗಿದೆ, ಇನ್ನು ಏಳು ಬೇಕು.